ಹಳೆಯ ಡೀಸೆಲ್ ಪಿಕಪ್ಪಿನ ಹೊಗೆ ಸೋರಿಕೆ: ಮನೆಯಂಗಳದಲ್ಲಿ ಆಗುವ ಕೆಲಸ, ಆಗದ ಕೆಲಸ

ವಿಜಯಪುರ ಜಿಲ್ಲೆಯಲ್ಲಿ ದ್ರಾಕ್ಷಿಯ ಸುಗ್ಗಿ ಶುರುವಾಯಿತೆಂದರೆ ತಿಕೋಟಾ ಕಡೆಯ ತೋಟಗಳಿಂದ ಪಿಕಪ್ ಗಾಡಿಗಳು ನಸುಕಿಗೇ ಹೊರಡುತ್ತವೆ. ಅವುಗಳಲ್ಲಿ ಹತ್ತು ಹದಿನೈದು ವರ್ಷ ದುಡಿದವು ಕಡಿಮೆಯೇನಿಲ್ಲ. ಚಳಿಯಲ್ಲಿ ಮೊದಲ ಸಲ ಚಾಲೂ ಮಾಡಿದಾಗ ಬಾನೆಟ್ಟಿನ ಕೆಳಗಿನಿಂದ ಟಿಕ್ ಟಿಕ್ ಎಂಬ ಒಣ ಸದ್ದು ಬರುತ್ತದೆ. ಗಾಡಿ ನಾಲ್ಕೈದು ಕಿಲೋಮೀಟರ್ ಓಡುವಷ್ಟರಲ್ಲಿ ಅದು ತಾನಾಗಿ ಅಡಗುತ್ತದೆ. ‘ಟ್ಯಾಪೆಟ್ ಸಪ್ಪಳ ಇರಬೇಕು ಬಿಡ್ರಿ’ ಎಂದು ಮಾಲೀಕರು ಸುಮ್ಮನಾಗುತ್ತಾರೆ. ಎಷ್ಟೋ ಸಲ ಅದು ಟ್ಯಾಪೆಟ್, ಅಂದರೆ ಎಂಜಿನ್ನಿನ ವಾಲ್ವುಗಳನ್ನು ತೆರೆಯುವ ಭಾಗದ ಸಪ್ಪಳವಾಗಿರುವುದಿಲ್ಲ. ಎಂಜಿನ್ನಿನ ಹೆಡ್ಡಿಗೂ (ಸಿಲಿಂಡರುಗಳ ಮೇಲೆ ಕೂತ ಭಾಗ) ಎಕ್ಸಾಸ್ಟ್ ಮ್ಯಾನಿಫೋಲ್ಡಿಗೂ (ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಕೊಳವೆ) ನಡುವೆ ಸಂದು ಮುಚ್ಚಲು ಹಾಕಿದ ಪ್ಯಾಕಿಂಗ್ ಸುಟ್ಟು, ಕೂದಲೆಳೆಯಷ್ಟು ಸಂದಿನಿಂದ ಹೊಗೆ ಚಿಮ್ಮುವ ಸದ್ದಾಗಿರುತ್ತದೆ. ಕಬ್ಬಿಣ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ, ಸದ್ದು ನಿಲ್ಲುತ್ತದೆ, ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆ.

ಈ ರಿಪೇರಿಯನ್ನು ಮನೆಯಲ್ಲಿ ಮಾಡಿಕೊಳ್ಳಬಹುದು. ಮಾಡಿಕೊಂಡವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಆದರೆ ಅವರಲ್ಲಿ ಹಲವರು ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ನಟ್ಟುಗಳನ್ನು ಬಿಚ್ಚುತ್ತಾರೆ, ಏಕೆಂದರೆ ಅವರು ಪ್ಯಾಕಿಂಗ್ ಬದಲಿಸಿರುತ್ತಾರೆಯೇ ಹೊರತು ಪ್ಯಾಕಿಂಗ್ ಏಕೆ ಹೋಯಿತೆಂದು ನೋಡಿರುವುದಿಲ್ಲ. ಸೋರುವ ಜಾಗ ಗುರುತಿಸುವುದು, ಸ್ಟಡ್ಡುಗಳನ್ನು (ಒಂದು ತುದಿ ಹೆಡ್ಡಿನಲ್ಲಿ ಕೂತು, ಇನ್ನೊಂದು ತುದಿಗೆ ನಟ್ಟು ಹಾಕುವ ತಲೆಯಿಲ್ಲದ ಬೋಲ್ಟುಗಳನ್ನು) ಮುರಿಯದೆ ತೆಗೆಯುವುದು, ಎರಡು ಮುಖಗಳನ್ನು ಸಮತಟ್ಟು ಮಾಡುವುದು, ಈ ಮೂರರಲ್ಲಿಯೇ ಕೆಲಸದ ಮುಕ್ಕಾಲು ಪಾಲು ಮುಗಿಯುತ್ತದೆ. ಹೊಸ ಪ್ಯಾಕಿಂಗ್ ಕೂಡಿಸುವುದಕ್ಕೆ ಅರ್ಧ ತಾಸು ಸಾಕು.

ಮೊದಲು ಹೊಗೆಯ ದಾರಿಯನ್ನು ತಿಳಿದುಕೊಳ್ಳಬೇಕು. ಸಿಲಿಂಡರಿನಿಂದ ಹೊರಬಿದ್ದ ಹೊಗೆ ಬೀಡು ಕಬ್ಬಿಣದ ಮ್ಯಾನಿಫೋಲ್ಡಿನಲ್ಲಿ ಒಂದಾಗುತ್ತದೆ. ಗಾಡಿಗೆ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಭಾಗ) ಇದ್ದರೆ ಅಲ್ಲಿಂದ ನೇರ ಟರ್ಬೊದ ಬಿಸಿ ಬದಿಗೆ ಹೋಗಿ, ಅದರ ಚಕ್ರವನ್ನು ತಿರುಗಿಸಿ, ಕೆಳಗಿಳಿಯುವ ಡೌನ್‌ಪೈಪಿಗೆ ಬರುತ್ತದೆ. ಡೌನ್‌ಪೈಪಿನ ತುದಿಗೆ ಅಲುಗಾಟ ತಾಳಿಕೊಳ್ಳಲು ಉಕ್ಕಿನ ಜಾಳಿಗೆಯ ಬೆಲ್ಲೊ ಇರುತ್ತದೆ. ಅದರ ಹಿಂದೆ ಕೆಲವು ಗಾಡಿಗಳಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಬಳಿಕ ಸೈಲೆನ್ಸರ್, ಕೊನೆಗೆ ಬಾಲದ ಪೈಪು. ಮ್ಯಾನಿಫೋಲ್ಡಿನಿಂದಲೇ ಒಂದು ಸಣ್ಣ ಕೊಳವೆ ಕವಲೊಡೆದು, ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿನ ಗಾಳಿಯ ದಾರಿಗೆ ಒಯ್ಯುವ ಏರ್ಪಾಡೂ ಅನೇಕ ಗಾಡಿಗಳಲ್ಲಿದೆ. ಮೇಸ್ತ್ರಿಗಳು ಅದನ್ನು ಇಜಿಆರ್ ಎನ್ನುತ್ತಾರೆ. ಇವುಗಳ ಪ್ರತಿ ಜೋಡಣೆಯೂ ಸೋರಬಲ್ಲ ಜಾಗವೇ.

ಎರಡೂವರೆ ಲೀಟರಿನ ನಾಲ್ಕು ಸಿಲಿಂಡರಿನ ಎಂಜಿನ್ ನಿಂತಲ್ಲಿಯೇ ನಿಮಿಷಕ್ಕೆ 800 ಸುತ್ತು ಹಾಕುತ್ತಿದ್ದರೂ ನಿಮಿಷಕ್ಕೆ ಸಾವಿರ ಲೀಟರಿನ ಸಮೀಪ ಗಾಳಿಯನ್ನು ಒಳಗೆಳೆದು ಹೊರಗೆ ದಬ್ಬುತ್ತಿರುತ್ತದೆ. ತುಂಬಿದ ಲೋಡಿನಲ್ಲಿ ಏರು ಹತ್ತುವಾಗ ಈ ಪ್ರಮಾಣ ಹಲವು ಪಟ್ಟಾಗುತ್ತದೆ, ಟರ್ಬೊಕ್ಕೆ ಮುಂಚಿನ ಹೊಗೆಯ ಶಾಖ 600 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಷ್ಟು ಕಾದ, ಅಷ್ಟು ಒತ್ತಡದ ಹೊಗೆಗೆ ಕೂದಲೆಳೆಯ ಸಂದೂ ಹೆಬ್ಬಾಗಿಲೇ. ಒಮ್ಮೆ ಸಂದು ಬಿದ್ದರೆ ಹೊಗೆಯೇ ಅದನ್ನು ಕೊರೆದು ದೊಡ್ಡದು ಮಾಡುತ್ತ ಹೋಗುತ್ತದೆ. ನಾಲ್ಕು ತಿಂಗಳು ತಡ ಮಾಡಿದವರಿಗೆ ಪ್ಯಾಕಿಂಗಿನ ಜೊತೆ ಮ್ಯಾನಿಫೋಲ್ಡಿನ ಮುಖದ ಮೇಲೂ ಗೀರು ಬಿದ್ದಿರುವುದು ಕಾಣಸಿಗುವುದು ಇದೇ ಕಾರಣಕ್ಕೆ.

ಸೋರಿಕೆ ಟರ್ಬೊಕ್ಕೆ ಮುಂಚೆ ಇದೆಯೋ, ಆಮೇಲೆ ಇದೆಯೋ ಎಂಬುದರ ಮೇಲೆ ಗಾಡಿಯ ನಡವಳಿಕೆ ಪೂರಾ ಬೇರೆಯಾಗುತ್ತದೆ. ಟರ್ಬೊದ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವುದು ಹೊಗೆಯ ಒತ್ತಡ ಮತ್ತು ಶಾಖದ ಬಲದಿಂದ. ಚಕ್ರಕ್ಕೆ ತಲುಪುವ ಮೊದಲೇ ಹೊಗೆ ಹೊರಗೆ ಹೋದರೆ ಚಕ್ರ ನಿಧಾನವಾಗುತ್ತದೆ, ಎಂಜಿನ್ನಿಗೆ ತುರುಕುವ ಗಾಳಿ ಕಡಿಮೆಯಾಗುತ್ತದೆ, ಪಂಪು ಮಾತ್ರ ಹಿಂದಿನಷ್ಟೇ ಡೀಸೆಲ್ ಕೊಡುತ್ತಿರುತ್ತದೆ. ಗಾಳಿ ಸಾಲದ ಡೀಸೆಲ್ ಅರ್ಧಂಬರ್ಧ ಸುಟ್ಟು ಕಪ್ಪು ಹೊಗೆಯಾಗುತ್ತದೆ. ಗಾಡಿ ಎಳೆಯುವುದಿಲ್ಲ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಆಗ ಮಾಲೀಕರು ಪಂಪು ಬಿಚ್ಚಿಸುತ್ತಾರೆ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬದಲಿಸುತ್ತಾರೆ, ಟರ್ಬೊವನ್ನೇ ಅನುಮಾನಿಸುತ್ತಾರೆ. ಕೊನೆಗೆ ನೋಡಿದರೆ ಮ್ಯಾನಿಫೋಲ್ಡಿನ ಹಿಂಬದಿಯ ಒಂದು ಸ್ಟಡ್ ತುಂಡಾಗಿರುತ್ತದೆ. ವಾಯುಮಾಲಿನ್ಯ ತಪಾಸಣೆಯಲ್ಲಿ ನಿಂತ ಗಾಡಿಯ ಆಕ್ಸಿಲರೇಟರನ್ನು ಥಟ್ಟನೆ ಪೂರ್ತಿ ಒತ್ತಿ ಹೊಗೆಯ ದಟ್ಟಣೆ ಅಳೆಯುತ್ತಾರಲ್ಲ, ಆ ಹೊತ್ತಿಗೆ ಟರ್ಬೊ ಬೇಗ ಏಳದ ಗಾಡಿ ಹೆಚ್ಚು ಕಪ್ಪು ಉಗುಳುತ್ತದೆ. ಟರ್ಬೊ ದಾಟಿದ ಮೇಲಿನ ಸೋರಿಕೆಯಿಂದ ಇಂಥ ನಷ್ಟ ಬಹುಮಟ್ಟಿಗೆ ಇಲ್ಲ. ಅಲ್ಲಿ ತೊಂದರೆ ಸದ್ದಿನದು ಮತ್ತು ಕ್ಯಾಬಿನ್ನಿಗೆ ನುಗ್ಗುವ ಹೊಗೆಯದು. ಟರ್ಬೊ ಇಲ್ಲದ ತೀರ ಹಳೆಯ ಗಾಡಿಗಳಿಗೂ ಈ ಎರಡನೆಯ ಮಾತೇ ಅನ್ವಯಿಸುತ್ತದೆ.

ಕ್ಯಾಬಿನ್ನಿನ ಹೊಗೆಯನ್ನು ಹಗುರವಾಗಿ ತೆಗೆದುಕೊಳ್ಳುವ ರೂಢಿ ನಮ್ಮಲ್ಲಿದೆ. ಡೀಸೆಲ್ ಎಂಜಿನ್ ಬೇಕಾದದ್ದಕ್ಕಿಂತ ಹೆಚ್ಚು ಗಾಳಿಯಲ್ಲಿ ಉರಿಯುವುದರಿಂದ ಪೆಟ್ರೋಲ್ ಎಂಜಿನ್ನಿಗಿಂತ ಕಡಿಮೆ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ ಎಂಬುದು ನಿಜ. ಆದರೆ ಕಡಿಮೆ ಎಂದರೆ ಇಲ್ಲವೆಂದಲ್ಲ. ಬಣ್ಣವೂ ವಾಸನೆಯೂ ಇಲ್ಲದ ಆ ಅನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಅದರ ಮೇಲೆ ಮಸಿ ಮತ್ತು ಸಾರಜನಕದ ಆಕ್ಸೈಡುಗಳು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರ ಜೂನ್‌ನಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹಳೆಯ ಪಿಕಪ್ಪಿನಲ್ಲಿ ಗೇರ್ ಕಡ್ಡಿಯ ಬುಡದ ರಬ್ಬರು ಹರಿದಿರುತ್ತದೆ, ಪೆಡಲ್ಲುಗಳ ಹತ್ತಿರದ ತೂತುಗಳ ಬಿರಡೆಗಳು ಬಿದ್ದುಹೋಗಿರುತ್ತವೆ. ಹೊಗೆ ಒಳಬರುವುದು ಅಲ್ಲಿಂದಲೇ. ಸೋಲಾಪುರದವರೆಗೆ ಹೋಗಿ ಬಂದ ಚಾಲಕನ ತಲೆನೋವಿಗೆ ಬಿಸಿಲೊಂದೇ ಕಾರಣವೆಂದು ತೀರ್ಮಾನಿಸುವ ಮುನ್ನ ಈ ತೂತುಗಳನ್ನೊಮ್ಮೆ ನೋಡಬೇಕು.

ಇನ್ನು ಜೋಡಣೆ ಏಕೆ ಸಡಿಲವಾಗುತ್ತದೆ ಎಂಬ ಪ್ರಶ್ನೆ. ಬೀಡು ಕಬ್ಬಿಣ ಪ್ರತಿ ಡಿಗ್ರಿ ಶಾಖಕ್ಕೆ ಮೀಟರಿಗೆ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. 45 ಸೆಂಟಿಮೀಟರ್ ಉದ್ದದ ಮ್ಯಾನಿಫೋಲ್ಡ್ 500 ಡಿಗ್ರಿಯಷ್ಟು ಕಾದರೆ ಹೆಚ್ಚುಕಡಿಮೆ ಎರಡೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಅದನ್ನು ಹಿಡಿದಿರುವ ಹೆಡ್ಡಿನೊಳಗೆ ನೀರು ಹರಿಯುತ್ತಿರುವುದರಿಂದ ಹೆಡ್ ಅಷ್ಟು ಕಾಯುವುದಿಲ್ಲ, ಅಷ್ಟು ಹಿಗ್ಗುವುದೂ ಇಲ್ಲ. ಒಂದು ಹಿಗ್ಗುತ್ತ, ಇನ್ನೊಂದು ನಿಂತಲ್ಲಿ ನಿಂತಿರುವಾಗ ನಡುವಿನ ಪ್ಯಾಕಿಂಗ್ ಉಜ್ಜಿಹೋಗುತ್ತದೆ, ಸ್ಟಡ್ಡುಗಳು ಪ್ರತಿ ದಿನ ಅತ್ತಿತ್ತ ಬಾಗುತ್ತವೆ. ಈ ಜಗ್ಗಾಟ ಎರಡು ತುದಿಗಳಲ್ಲಿ ಹೆಚ್ಚು. ಆದುದರಿಂದಲೇ ಮುರಿದ ಸ್ಟಡ್ ಹುಡುಕುವವರು ಮೊದಲ ಮತ್ತು ನಾಲ್ಕನೆಯ ಸಿಲಿಂಡರಿನ ಹತ್ತಿರ ಹುಡುಕುತ್ತಾರೆ, ಮ್ಯಾನಿಫೋಲ್ಡಿನ ತುದಿಯ ತೂತುಗಳನ್ನು ಸ್ಟಡ್ಡಿಗಿಂತ ಸಡಿಲವಾಗಿ ಕೊರೆದಿರುತ್ತಾರೆ. ಆ ತೂತು ದೊಡ್ಡದಾಯಿತೆಂದು ತಿಳಿದು ಬುಷ್ ಹಾಕಿಸಿದವರನ್ನು ನಾನು ಕಂಡಿದ್ದೇನೆ. ಹಿಗ್ಗುವುದಕ್ಕೆ ಜಾಗವಿಲ್ಲದೆ ಆ ಸ್ಟಡ್ ಮತ್ತೆ ಮುರಿಯಿತು.

ಕೆಳಗಿನ ಪೈಪುಗಳ ರೋಗ ಬೇರೆ, ಅದು ನೀರಿನದು. ಒಂದು ಲೀಟರ್ ಡೀಸೆಲ್ ಸುಟ್ಟರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ದೂರದ ಓಡಾಟದಲ್ಲಿ ಅದು ಆವಿಯಾಗಿಯೇ ಹೋಗುತ್ತದೆ. ತೋಟದಿಂದ ಶೆಡ್ಡಿಗೆ, ಶೆಡ್ಡಿನಿಂದ ತೋಟಕ್ಕೆ ಎರಡೆರಡು ಕಿಲೋಮೀಟರ್ ಓಡುವ ಗಾಡಿಯಲ್ಲಿ ಸೈಲೆನ್ಸರ್ ಪೂರ್ತಿ ಕಾಯುವುದೇ ಇಲ್ಲ. ಆವಿ ಒಳಗೇ ತಣಿದು ನೀರಾಗಿ, ಡೀಸೆಲಿನ ಗಂಧಕದ ಅಂಶದೊಂದಿಗೆ ಸೇರಿ, ತಗಡನ್ನು ಒಳಗಿನಿಂದ ತಿನ್ನುತ್ತದೆ. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಸಿಗುತ್ತಿರುವ ಬಿಎಸ್-6 (ಭಾರತದ ಹೊಗೆ ನಿಯಂತ್ರಣ ಮಾನದಂಡದ ಆರನೆಯ ಹಂತ) ಡೀಸೆಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗದಷ್ಟೇ ಇದೆ. ಅದಕ್ಕೂ ಮುಂಚಿನ ವರ್ಷಗಳ ಡೀಸೆಲ್ ಕುಡಿದ ಸೈಲೆನ್ಸರ್ ಮಾತ್ರ ಹಳೆಯ ಸಾಲ ತೀರಿಸುತ್ತಿರುತ್ತದೆ. ಸೈಲೆನ್ಸರಿನ ಅಡಿಯಲ್ಲಿ ಒಂದು ಸಣ್ಣ ದುಂಡನೆಯ ತೂತು ಕಂಡರೆ ಗಾಬರಿಯಾಗಬೇಕಿಲ್ಲ. ಅನೇಕ ಸೈಲೆನ್ಸರುಗಳಲ್ಲಿ ನೀರು ಇಳಿದುಹೋಗಲೆಂದು ತಯಾರಿಸಿದವರೇ ಬಿಟ್ಟ ತೂತು ಅದು. ವೆಲ್ಡಿಂಗ್ ಮಾಡಿ ಮುಚ್ಚಿದರೆ ಸೈಲೆನ್ಸರ್ ಇನ್ನಷ್ಟು ಬೇಗ ಕೊಳೆಯುತ್ತದೆ.

ಹುಡುಕುವ ಕೆಲಸಕ್ಕೆ ಬರೋಣ. ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿಯೇ ಇದಕ್ಕೆ ಬೇಕು. ಚಾಲೂ ಮಾಡುವ ಮುಂಚೆ ಟಾರ್ಚು ಹಿಡಿದು ಜೋಡಣೆಗಳನ್ನು ಒಂದೊಂದಾಗಿ ನೋಡಬೇಕು. ಡೀಸೆಲ್ ಗಾಡಿಯ ದೊಡ್ಡ ಉಪಕಾರವೆಂದರೆ ಅದು ತನ್ನ ಸೋರಿಕೆಯ ಗುರುತನ್ನು ಮಸಿಯಲ್ಲಿ ಬರೆದಿಟ್ಟಿರುತ್ತದೆ. ತುಕ್ಕು ಹಿಡಿದ ಕೆಂಪು ಮ್ಯಾನಿಫೋಲ್ಡಿನ ಮೇಲೆ ಬೀಸಣಿಗೆಯಂತೆ ಹರಡಿದ ಕಪ್ಪು ಪಟ್ಟಿಯ ಬುಡದಲ್ಲಿ ಸಂದು ಇದ್ದೇ ಇರುತ್ತದೆ. ಆಮೇಲೆ ಚಾಲೂ ಮಾಡಿ, ಒಂದು ಮೀಟರ್ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಜೋಡಣೆಗಳ ಹತ್ತಿರ ಸರಿಸುತ್ತ ಹೋಗಬೇಕು. ಎಂಜಿನ್ 800 ಸುತ್ತಿನಲ್ಲಿರುವಾಗ ಒಂದು ಸಿಲಿಂಡರಿನ ಹೊಗೆ ನಿಮಿಷಕ್ಕೆ 400 ಸಲ ಬಡಿಯುತ್ತದೆ. ಟ್ಯಾಪೆಟ್ಟೂ ಅಷ್ಟೇ ಸಲ ಬಡಿಯುವುದರಿಂದ ಎಣಿಕೆಯಿಂದ ವ್ಯತ್ಯಾಸ ತಿಳಿಯುವುದಿಲ್ಲ. ಟ್ಯಾಪೆಟ್ಟಿನ ಸದ್ದು ಮೇಲಿನ ಮುಚ್ಚಳದಲ್ಲಿ ಲೋಹದ ದನಿಯಾಗಿ ಕೇಳುತ್ತದೆ, ಲೋಡ್ ಬಿದ್ದರೂ ಅಷ್ಟಾಗಿ ಬದಲಾಗುವುದಿಲ್ಲ. ಸೋರಿಕೆಯ ಸದ್ದು ಪಕ್ಕದಿಂದ ಉಸಿರು ಬೆರೆತು ಬರುತ್ತದೆ, ಆಕ್ಸಿಲರೇಟರ್ ಒತ್ತಿದಂತೆ ಏರುತ್ತದೆ. ಹಳೆಯ ಮೇಸ್ತ್ರಿಗಳು ಒಂದೊಂದೇ ಇಂಜೆಕ್ಟರಿನ ನಟ್ ಸಡಿಲಿಸಿ ಸದ್ದು ಯಾವ ಸಿಲಿಂಡರಿನದೆಂದು ಹೇಳುತ್ತಿದ್ದರು. ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಗೆ ಆ ವಿದ್ಯೆ ಸರಿ. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಒದಗುವ ಕಾಮನ್ ರೇಲ್ ಗಾಡಿಯ ಪೈಪಿನಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತದೆ, ಚಿಮ್ಮಿದ ಡೀಸೆಲ್ ಚರ್ಮ ಹರಿದು ಒಳಹೋಗುತ್ತದೆ, ಅದನ್ನು ಮುಟ್ಟಲೇಬಾರದು.

ಕೆಳಗಿನ ಪೈಪುಗಳಿಗೆ ಸೋಪಿನ ನೀರಿನ ಪರೀಕ್ಷೆ ಉತ್ತಮ. ಎಂಜಿನ್ ಬಂದ್ ಇರುವಾಗ, ಎಲ್ಲ ತಣ್ಣಗಿರುವಾಗ, ಧೂಳು ಹೊಡೆಯುವ ಸಣ್ಣ ಬ್ಲೋವರಿನ ಮೂತಿಯನ್ನು ಬಾಲದ ಪೈಪಿಗಿಟ್ಟು ಸುತ್ತ ಬಟ್ಟೆ ತುರುಕಿ ಗಾಳಿ ಊದಬೇಕು, ಇನ್ನೊಬ್ಬರು ಜೋಡಣೆಗಳಿಗೆ ಸೋಪಿನ ನೀರು ಚಿಮುಕಿಸುತ್ತ ಹೋಗಬೇಕು. ಗುಳ್ಳೆ ಎದ್ದಲ್ಲಿ ಸೀಮೆಸುಣ್ಣದ ಗುರುತು ಹಾಕಬೇಕು. ಬ್ಲೋವರ್ ಇಲ್ಲದಿದ್ದರೆ ಚಾಲೂ ಇರುವ ಗಾಡಿಯ ಜೋಡಣೆಗಳ ಹತ್ತಿರ ಉರಿಯುವ ಊದಿನಕಡ್ಡಿ ಹಿಡಿದು ಅದರ ಹೊಗೆ ಎಲ್ಲಿ ಥರಗುಟ್ಟುತ್ತದೆಂದು ನೋಡಬಹುದು, ಡೀಸೆಲ್ ಪೈಪು ಎಲ್ಲಿಯೂ ಜಿನುಗುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ. ಚೆನ್ನಾಗಿ ಕಾದ ಲೋಹದ ಮೇಲೆ ಬಿದ್ದ ಡೀಸೆಲಿಗೆ ಹತ್ತಿಕೊಳ್ಳಲು ಕಡ್ಡಿಯ ಅಗತ್ಯವೂ ಇಲ್ಲ.

ಗಾಡಿಯ ಕೆಳಗೆ ಹೋಗುವ ಮಾತು ಬಂದಾಗ ನಮ್ಮ ನೆಲದ ಗುಣವನ್ನು ಹೇಳದೆ ಬಿಡುವಂತಿಲ್ಲ. ಎರೆ ನೆಲ ಒಣಗಿದಾಗ ಕಲ್ಲಿನಂತಿದ್ದರೂ ಒಳಗೆ ಬಿರುಕು ಇರುತ್ತದೆ, ಒಂದು ಮಳೆ ಬಿದ್ದರೆ ಜ್ಯಾಕಿನ ಬುಡ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಅಂಗಳದ ಫರಸಿಯ ಕೆಳಗೆ ಪೊಳ್ಳು ಇದ್ದರೆ ಒಂದೇ ಬಿಂದುವಿನ ಮೇಲಿನ ಭಾರಕ್ಕೆ ಫರಸಿ ಒಡೆಯುತ್ತದೆ. ದಪ್ಪ ಹಲಗೆಯ ಮೇಲೆ ಜ್ಯಾಕ್ ಇಡಬೇಕು, ಎತ್ತಿದ ಕೂಡಲೇ ಉಕ್ಕಿನ ಸ್ಟ್ಯಾಂಡುಗಳನ್ನು ಚಾಸಿಗೆ ಕೊಡಬೇಕು, ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಕಲ್ಲು ಒತ್ತಬೇಕು. ಬರೀ ಜ್ಯಾಕಿನ ನಂಬಿಕೆಯ ಮೇಲೆ ಯಾರೂ ಗಾಡಿಯ ಕೆಳಗೆ ಹೋಗಬಾರದು. ಸಿಮೆಂಟ್ ಇಟ್ಟಿಗೆ ಬೇಡವೇ ಬೇಡ. ಅದು ಮೊದಲು ಬಿರುಕು ಬಿಟ್ಟು ಎಚ್ಚರಿಸುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳದೆ ತಲೆಯ ಮೇಲಿನ ತುಕ್ಕನ್ನು ಕೆರೆದವರು ಆ ತಪ್ಪನ್ನು ಎರಡನೆಯ ಸಲ ಮಾಡುವುದಿಲ್ಲ.

ಸ್ಟಡ್ಡುಗಳ ವಿಷಯವನ್ನು ನಿಧಾನವಾಗಿಯೇ ಹೇಳಬೇಕು, ಏಕೆಂದರೆ ಮನೆಯ ರಿಪೇರಿ ಕೆಡುವುದು ಇಲ್ಲಿಯೇ. ವರ್ಷಗಟ್ಟಲೆ ಕೆಂಪಗೆ ಕಾದು ತಣಿದ ನಟ್ಟು ಮತ್ತು ಸ್ಟಡ್ಡು ತುಕ್ಕಿನಲ್ಲಿ ಒಂದೇ ಲೋಹದಂತೆ ಬೆಸೆದುಕೊಂಡಿರುತ್ತವೆ. ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆಯನ್ನು ಪ್ರತಿ ನಟ್ಟಿನ ಬುಡಕ್ಕೆ ಹಾಕಿ, ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ ಹಾಕಿ ಬಿಡಬೇಕು. ಬೆಳಿಗ್ಗೆ ಆರು ಮೂಲೆಯ ಸಾಕೆಟ್ಟನ್ನೇ ಹಾಕಬೇಕು; ಹನ್ನೆರಡು ಮೂಲೆಯದು ಸವೆದ ನಟ್ಟಿನ ಮೇಲೆ ಜಾರಿ ಇದ್ದ ಮೂಲೆಗಳನ್ನೂ ಕಳೆಯುತ್ತದೆ. ಮೊದಲು ಬಿಚ್ಚುವ ದಿಕ್ಕಿಗಲ್ಲ, ಬಿಗಿ ಮಾಡುವ ದಿಕ್ಕಿಗೆ ಒಂದು ಕೂದಲಿನಷ್ಟು ಒತ್ತಬೇಕು. ತುಕ್ಕು ಒಡೆದು ಕಿರ್ ಎಂದರೆ ಆಗ ಬಿಚ್ಚುವ ದಿಕ್ಕಿಗೆ ಕಾಲು ಸುತ್ತು, ಮತ್ತೆ ಹಿಂದಕ್ಕೆ, ಮತ್ತೆ ಎಣ್ಣೆ, ಮತ್ತೆ ಕಾಲು ಸುತ್ತು. ಪಾನಾದಲ್ಲಿ (ಸ್ಪ್ಯಾನರಿನಲ್ಲಿ) ಕೈಗೆ ಹಿಟ್ಟಿನ ಕಣಕ ತಿರುಚಿದ ಹಾಗೆ ಮೆತ್ತನೆಯ ಅನುಭವವಾದರೆ ತಕ್ಷಣ ನಿಲ್ಲಬೇಕು; ತಿರುಗುತ್ತಿರುವುದು ನಟ್ಟಲ್ಲ, ಸ್ಟಡ್ಡೇ ಹುರಿಗೊಳ್ಳುತ್ತಿದೆ. ಅಂಥ ನಟ್ಟಿಗೆ ಶಾಖ ಬೇಕು. ಗ್ಯಾಸ್ ಟಾರ್ಚಿನಿಂದ ನಟ್ಟನ್ನಷ್ಟೇ ಕೆಂಪಾಗುವವರೆಗೆ ಕಾಯಿಸಿದರೆ ಅದು ಹಿಗ್ಗಿ ಹಿಡಿತ ಬಿಡುತ್ತದೆ. ಕೆಂಪು ಇಳಿದು ಇನ್ನೂ ಬಿಸಿಯಿರುವಾಗ ಮೇಣದ ಬತ್ತಿಯನ್ನು ಎಳೆಗಳಿಗೆ ತಾಗಿಸಿದರೆ ಕರಗಿದ ಮೇಣ ಒಳಗಿಳಿದು ಎಣ್ಣೆಯ ಕೆಲಸ ಮಾಡುತ್ತದೆ. ಮೇಣ ಹೊತ್ತಿಕೊಳ್ಳುವ ಪದಾರ್ಥವೆಂಬುದನ್ನೂ, ಪಕ್ಕದಲ್ಲಿ ಡೀಸೆಲ್ ಪೈಪು ಹಾಗೂ ವೈರಿಂಗ್ ಇವೆಯೆಂಬುದನ್ನೂ ಮರೆಯದೆ ಒದ್ದೆ ಗೋಣಿಚೀಲ ಹೊದಿಸಿಕೊಂಡು ಈ ಕೆಲಸ ಮಾಡಬೇಕು.

ಇಷ್ಟಾದರೂ ಒಂದೆರಡು ಮುರಿಯುತ್ತವೆ. ಮುರಿದ ತುಂಡು ಹೆಡ್ಡಿನಿಂದ ಹೊರಗೆ ಚಾಚಿದ್ದರೆ ಅದೃಷ್ಟ: ಅದರ ಮೇಲೊಂದು ನಟ್ ಇಟ್ಟು ಒಳಗೆ ವೆಲ್ಡಿಂಗ್ ತುಂಬಿದರೆ, ವೆಲ್ಡಿಂಗಿನ ಶಾಖಕ್ಕೇ ತುಕ್ಕು ಸಡಿಲಾಗಿ, ಹೊಸ ನಟ್ಟಿನ ಜೊತೆ ತುಂಡೂ ಹೊರಬರುತ್ತದೆ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ವೈರು ಕಳಚಬೇಕು, ಇಲ್ಲವಾದರೆ ಆಲ್ಟರ್ನೇಟರಿನ ಡಯೋಡುಗಳು ಸುಡುತ್ತವೆ. ತುಂಡು ಹೆಡ್ಡಿನ ಮಟ್ಟಕ್ಕೇ ಮುರಿದಿದ್ದರೆ ಸರಿಯಾಗಿ ನಟ್ಟನಡುವೆ ಪಂಚ್ ಹೊಡೆದು, ಸಣ್ಣ ಬಿಟ್ಟಿನಿಂದ ಶುರುಮಾಡಿ ಕೊರೆಯಬೇಕು. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಕ್ಕರೆ ಕೊರೆಯುವಾಗಲೇ ಕೆಲವೊಮ್ಮೆ ತುಂಡು ಬಿಚ್ಚಿಕೊಂಡು ಬರುತ್ತದೆ. ಮೊನಚು ಎಕ್ಸ್‌ಟ್ರಾಕ್ಟರನ್ನು ಒಳಗೆ ಬಡಿದು ತಿರುಗಿಸುವ ಆಸೆಗೆ ಬೀಳಬಾರದು ಎಂದು ನಾನು ಹೇಳುವುದು ಅನುಭವದಿಂದ. ನಮ್ಮ ಮನೆಯ ಪಿಕಪ್ಪಿನ ನಾಲ್ಕನೆಯ ಸಿಲಿಂಡರಿನ ಕೆಳಗಿನ ಸ್ಟಡ್ ಮುರಿದಾಗ, ಸಂಜೆಯೊಳಗೆ ಮುಗಿಸಬೇಕೆಂಬ ಅವಸರದಲ್ಲಿ ಎಕ್ಸ್‌ಟ್ರಾಕ್ಟರಿಗೆ ಉದ್ದನೆಯ ಹಿಡಿಕೆ ಹಾಕಿ ಜಗ್ಗಿದೆ. ಅದು ಗಾಜಿನಂತೆ ಟಣ್ ಎಂದು ಒಳಗೇ ಮುರಿಯಿತು. ಹದಗೊಳಿಸಿದ ಉಕ್ಕಾದ್ದರಿಂದ ಅದರ ಮೇಲೆ ನನ್ನ ಯಾವ ಡ್ರಿಲ್ ಬಿಟ್ಟೂ ಕಚ್ಚಲಿಲ್ಲ. ಪಕ್ಕದಲ್ಲಿ ಟಾರ್ಚು ಹಿಡಿದು ಕುಳಿತಿದ್ದ ನಮ್ಮ ಕಾಕಾ, ‘ನಿನ್ನೆ ನಿಲ್ಲಿಸಿದ್ದರ ಒಂದ ಸ್ಟಡ್ ಹೋಗತಿತ್ತೊ, ಇವತ್ತ ಹೆಡ್ ಬಿಚ್ಚೂದ ಬಂತು’ ಎಂದರು. ಹಾಗೆಯೇ ಆಯಿತು. ಹೆಡ್ ಬಿಚ್ಚಿ ಲೇಥಿನ ಅಂಗಡಿಗೆ ಒಯ್ದು, ಮೂರು ತಾಸಿನ ಕೆಲಸಕ್ಕೆ ಒಂಬತ್ತು ದಿನ ಹಿಡಿಯಿತು.

ಮ್ಯಾನಿಫೋಲ್ಡ್ ಕೈಗೆ ಬಂದ ಮೇಲೆ ಹಳೆಯ ಪ್ಯಾಕಿಂಗನ್ನು ಕೆರೆದು ತೆಗೆಯಬೇಕು. ತೀರ ಹಳೆಯ ಪ್ಯಾಕಿಂಗಿನಲ್ಲಿ ಕಲ್ನಾರು ಇರುವ ಸಂಭವವಿದೆ, ಅದರ ಧೂಳು ಪುಪ್ಪುಸಕ್ಕೆ ಕೇಡು. ಒಣಗಿದ್ದಾಗ ಕೆರೆಯದೆ, ನೀರು ಹಾಕಿ ನೆನೆಸಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಕೆರೆಯಬೇಕು, ಕಂಪ್ರೆಸರಿನಿಂದ ಊದಬಾರದು. ಆಮೇಲೆ ಒಂದು ನೇರವಾದ ಉಕ್ಕಿನ ಪಟ್ಟಿಯನ್ನು ಮ್ಯಾನಿಫೋಲ್ಡಿನ ನಾಲ್ಕೂ ಬಾಯಿಗಳ ಮೇಲೆ ಉದ್ದಕ್ಕೆ ಇಟ್ಟು, ಬೆಳಕಿಗೆ ಹಿಡಿದು ನೋಡಬೇಕು. ಬೆಳಕು ಕಂಡ ಕಡೆ ಸಂದು ಅಳೆಯುವ ಫೀಲರ್ ಗೇಜಿನ ತೆಳು ಉಕ್ಕಿನ ಎಲೆ ತೂರಿಸಬೇಕು. 0.1 ಮಿಲಿಮೀಟರಿನ ಎಲೆ ತೂರದಿದ್ದರೆ ಹಾಗೆಯೇ ಜೋಡಿಸಬಹುದು. 0.2ರ ಎಲೆ ಸಲೀಸಾಗಿ ಹೋದರೆ ಎಷ್ಟೇ ಒಳ್ಳೆಯ ಪ್ಯಾಕಿಂಗ್ ಹಾಕಿದರೂ ನಿಲ್ಲುವುದಿಲ್ಲ, ಮುಖವನ್ನು ಯಂತ್ರದಲ್ಲಿ ಸಮ ಮಾಡಿಸಲೇಬೇಕು. ಕೈಯಲ್ಲಿ ಅರ ಹಿಡಿದು ಇಷ್ಟುದ್ದದ ಮುಖ ಸಮ ಮಾಡುತ್ತೇನೆನ್ನುವುದು ಹುಂಬತನ. ಅರ ತುದಿಗಳನ್ನು ಹೆಚ್ಚು ತಿಂದು ನಡುವೆ ಉಬ್ಬು ಉಳಿಸುತ್ತದೆ. ಈ ಭಾಗದಲ್ಲಿ ಯಂತ್ರದ ಕೆಲಸಕ್ಕೆ ಕೊರತೆಯಿಲ್ಲ. ಬೀಡು ಕಬ್ಬಿಣವನ್ನೇ ಎರಕ ಹೊಯ್ಯುವ ಫೌಂಡ್ರಿಗಳು ಬೆಳಗಾವಿಯ ಉದ್ಯಮಬಾಗದಲ್ಲಿವೆ, ಅವುಗಳ ಸುತ್ತ ಬೆಳೆದ ಮಷೀನ್ ಶಾಪುಗಳೂ ಇವೆ. ವಿಜಯಪುರ, ಬಾಗಲಕೋಟೆಯ ಲೇಥ್ ಅಂಗಡಿಗಳಲ್ಲಿಯೂ ಮುಖ ಸಮ ಮಾಡಿಕೊಡುತ್ತಾರೆ. ಎಷ್ಟು ಕಡಿಮೆ ತೆಗೆದರೆ ಅಷ್ಟು ಒಳ್ಳೆಯದೆಂದು ಹೇಳಿ ಕೊಡಬೇಕು.

ಮ್ಯಾನಿಫೋಲ್ಡಿನಲ್ಲಿ ಬಿರುಕು ಕಂಡರೆ ವಿಚಾರ ಬೇರೆಯಾಗುತ್ತದೆ. ಬೀಡು ಕಬ್ಬಿಣದಲ್ಲಿ ಶೇಕಡಾ 2ರಿಂದ 4ರಷ್ಟು ಇಂಗಾಲ ಇರುವುದರಿಂದ ಸಾಮಾನ್ಯ ವೆಲ್ಡಿಂಗ್ ರಾಡಿನಿಂದ ಬೆಸೆದರೆ ಬೆಸುಗೆಯ ಅಂಚು ಗಾಜಿನಂತೆ ಪೆಡಸಾಗಿ, ತಣಿಯುವಾಗಲೇ ಪಕ್ಕದಲ್ಲಿ ಹೊಸ ಬಿರುಕು ಬಿಡುತ್ತದೆ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು, ಇಡೀ ತುಂಡನ್ನು ಮೊದಲೇ ಕಾಯಿಸಿ, ನಿಕ್ಕಲ್ ರಾಡಿನಿಂದ ಒಂದೊಂದು ಅಂಗುಲ ಬೆಸೆದು, ಪ್ರತಿ ಸಲ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕೊನೆಗೆ ಒಣ ಬೂದಿಯಲ್ಲಿ ಹೂತು ಮರುದಿನದವರೆಗೆ ತಣಿಯಲು ಬಿಡುವ ಕುಶಲಿಗಳು ಇದ್ದಾರೆ. ಅದು ಮನೆಯ ಕೆಲಸವಲ್ಲ. ಅಂಥ ಕೈ ಸಿಗದಿದ್ದರೆ ಬೇರೆ ಮ್ಯಾನಿಫೋಲ್ಡ್ ತರುವುದೇ ಲೇಸು. ಟರ್ಬೊದ ಒಳಭಾಗವೂ ಇದೇ ಗೆರೆಯ ಆಚೆಯದು: ಅದರ ಫ್ಲ್ಯಾಂಜಿನ ಪ್ಯಾಕಿಂಗ್ ಬದಲಿಸಬಹುದು, ಅದರ ಎಣ್ಣೆಯ ಕೊಳವೆಗಳ ಬಾಯಿಗೆ ಕಸ ಬೀಳದಂತೆ ಬಟ್ಟೆ ಕಟ್ಟಬೇಕು, ಅದನ್ನು ಬಿಚ್ಚಬಾರದು.

ಜೋಡಿಸುವಾಗ ಸ್ಟಡ್ಡು ನಟ್ಟು ಎರಡೂ ಹೊಸವಾಗಿರಲಿ. ಎಕ್ಸಾಸ್ಟಿಗೆಂದೇ ಮಾಡಿದ ಸ್ಟಡ್ಡನ್ನೇ ಕೇಳಿ ತರಬೇಕು, ಅಂಗಡಿಯ ಡಬ್ಬಿಯಲ್ಲಿ ಅಳತೆಗೆ ಹೊಂದಿದ ಯಾವುದೋ ಬೋಲ್ಟನ್ನಲ್ಲ. ಹಿತ್ತಾಳೆಯ ಅಥವಾ ತಾಮ್ರದ ಲೇಪದ ನಟ್ಟುಗಳು ತುಕ್ಕಿಗೆ ಬೆಸೆದುಕೊಳ್ಳದೆ ಮುಂದಿನ ಸಲ ಬಿಚ್ಚುವವರ ಶ್ರಮ ಉಳಿಸುತ್ತವೆ. ಸ್ಪ್ರಿಂಗ್ ವಾಷರ್ ಇಲ್ಲಿ ನಿರುಪಯೋಗಿ. ಈ ಶಾಖದಲ್ಲಿ ಅದರ ಹದ ಇಳಿದು ಬರೀ ಬಳೆಯಾಗುತ್ತದೆ. ಪ್ಯಾಕಿಂಗಿಗೆ ಸಿಲಿಕೋನ್ ಪೇಸ್ಟ್ ಹಚ್ಚುವುದು ನಮ್ಮ ಕಡೆಯ ದೊಡ್ಡ ಚಾಳಿ. ಕೆಂಪು ಬಣ್ಣದ, ಹೆಚ್ಚು ಶಾಖಕ್ಕೆಂದು ಮಾರುವ ಸಿಲಿಕೋನ್ ಕೂಡ 300 ಡಿಗ್ರಿಯ ಆಸುಪಾಸಿನಲ್ಲಿ ಸೋಲುತ್ತದೆ. ಮ್ಯಾನಿಫೋಲ್ಡಿನ ಮುಖದಲ್ಲಿ ಅದು ಸುಟ್ಟು ಉದುರಿ, ಅದು ತುಂಬಿದ್ದ ಜಾಗವೇ ಹೊಸ ಸಂದಾಗುತ್ತದೆ. ಪ್ಯಾಕಿಂಗ್ ಒಣದಾಗಿಯೇ ಕೂಡಬೇಕು.

ಬಿಗಿ ಮಾಡುವ ಕ್ರಮ ನಡುವಿನಿಂದ ತುದಿಗಳ ಕಡೆಗೆ. ತುದಿಗಳನ್ನು ಮೊದಲು ಬಿಗಿ ಮಾಡಿದರೆ ನಡುವಿನ ಭಾಗ ಸಿಕ್ಕಿಬಿದ್ದು ಕೂಡುವುದೇ ಇಲ್ಲ. ಒಂದೇ ಸಲಕ್ಕೆ ಪೂರ್ತಿ ಒತ್ತದೆ ಮೂರು ಸುತ್ತಿನಲ್ಲಿ ಬಿಗಿ ಮಾಡಬೇಕು. 8 ಮಿಲಿಮೀಟರ್ ಸ್ಟಡ್ಡಿಗೆ ಸಾಮಾನ್ಯವಾಗಿ 20ರಿಂದ 25, 10 ಮಿಲಿಮೀಟರಿನದಕ್ಕೆ 40ರ ಆಚೀಚೆ ನ್ಯೂಟನ್ ಮೀಟರ್ ಬಿಗಿತ ಸಾಕಾಗುತ್ತದೆ. ಆಯಾ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಬೇರೆ ಅಂಕಿಯಿದ್ದರೆ ಅದೇ ಪ್ರಮಾಣ. ನಟ್ಟು ಬೆಸೆದುಕೊಳ್ಳದಿರಲೆಂದು ಎಳೆಗಳಿಗೆ ಆಂಟಿಸೀಜ್ ಪೇಸ್ಟ್ ಹಚ್ಚುವವರು ಒಂದು ಸೂಕ್ಷ್ಮ ಗಮನಿಸಬೇಕು: ಉಜ್ಜಾಟ ಕಡಿಮೆಯಾಗುವುದರಿಂದ ಪಾನಾದ ಅದೇ ಅಂಕಿಗೆ ಸ್ಟಡ್ಡಿನ ಮೇಲೆ ಹೆಚ್ಚು ಜಗ್ಗು ಬೀಳುತ್ತದೆ. ಪುಸ್ತಕದ ಅಂಕಿ ಒಣ ಎಳೆಗಳಿಗೆ ಕೊಟ್ಟದ್ದಾದರೆ ಸ್ವಲ್ಪ ಕಡಿಮೆಯೇ ಇರಲಿ. ಬಿಗಿತ ಅಳೆಯುವ ಟಾರ್ಕ್ ಪಾನಾ ಇಲ್ಲದವರು ಅದನ್ನು ಒಂದು ದಿನಕ್ಕೆ ಕೇಳಿ ತರಲಿ. ಕೈಯಂದಾಜು ಇಲ್ಲಿ ಹೆಚ್ಚಾಗಿಯೇ ತಪ್ಪುತ್ತದೆ.

ಕೆಳಗಿನ ಕೆಲಸ ಇಷ್ಟು ಕಷ್ಟದ್ದಲ್ಲ. ಡೌನ್‌ಪೈಪಿನ ಉಂಗುರದ ಪ್ಯಾಕಿಂಗ್ ಬದಲಿಸುವುದು ಸುಲಭ. ಬೆಲ್ಲೊ ಹರಿದಿದ್ದರೆ ಅದರ ಜಾಗಕ್ಕೆ ಗಟ್ಟಿ ಪೈಪು ಬೆಸೆಯಬಾರದು. ಎಂಜಿನ್ನಿನ ಅಲುಗಾಟವೆಲ್ಲ ಆಗ ಮ್ಯಾನಿಫೋಲ್ಡಿನ ಮೇಲೆ ಬೀಳುತ್ತದೆ. ಬೆಲ್ಲೊ ಸುಮ್ಮನೆ ಹರಿಯುವುದೂ ಇಲ್ಲ, ಎಂಜಿನ್ ಮೌಂಟಿಂಗಿನ ರಬ್ಬರು ಕುಸಿದಿರುತ್ತದೆ ಇಲ್ಲವೆ ಸೈಲೆನ್ಸರನ್ನು ತೂಗಿಹಿಡಿದ ರಬ್ಬರು ಹರಿದು ಅದರ ಭಾರವೆಲ್ಲ ಜೋಡಣೆಗೆ ಜೋತುಬಿದ್ದಿರುತ್ತದೆ. ಅವೆರಡನ್ನೂ ನೋಡದೆ ಹೊಸ ಬೆಲ್ಲೊ ಹಾಕಿದರೆ ಹಣ ದಂಡ. ಪೈಪಿನಲ್ಲಿ ತೂತಾಗಿದ್ದರೆ ಮೇಲೊಂದು ತೋಳು ಪೈಪು ಹಾಕಿ ಯು-ಕ್ಲ್ಯಾಂಪ್ ಬಿಗಿದು, ಜೋಡಣೆಗೆ ಎಕ್ಸಾಸ್ಟ್ ಪೇಸ್ಟ್ ಹಚ್ಚಬಹುದು. ಪೇಸ್ಟಿಗೆ ನ್ಯಾಯವಾದ ಜಾಗ ಇದೊಂದೇ. ವೆಲ್ಡಿಂಗ್ ಮಾಡುವುದಾದರೆ ಗಟ್ಟಿ ಲೋಹ ಸಿಗುವವರೆಗೆ ಕೊಳೆತ ಭಾಗವನ್ನು ಕತ್ತರಿಸಬೇಕು, ಸತುವಿನ ಲೇಪದ ಪೈಪು ಬಳಸಬಾರದು. ಅದರ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಸೈಲೆನ್ಸರನ್ನೇ ತೆಗೆದು ನೇರ ಪೈಪು ಹಾಕುವವರಿಗೆ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 120ನೆಯ ನಿಯಮ ಅಡ್ಡ ಬರುತ್ತದೆ; ಎಲ್ಲ ವಾಹನಕ್ಕೂ ಸೈಲೆನ್ಸರ್ ಇರಬೇಕೆಂಬುದು ಅದರ ಕಟ್ಟಳೆ.

ಜೋಡಿಸಿದ ಗಾಡಿಯನ್ನು ಬಯಲಿನಲ್ಲಿ ಚಾಲೂ ಮಾಡಬೇಕು, ಶೆಡ್ಡಿನೊಳಗಲ್ಲ. ಮೊದಲ ಹತ್ತು ನಿಮಿಷ ಎಣ್ಣೆ, ಮೇಣ ಸುಟ್ಟು ಬಿಳಿ ಹೊಗೆ ಏಳುತ್ತದೆ, ಅದಕ್ಕೆ ಅಂಜಬೇಕಿಲ್ಲ. ಒಂದು ಸಲ ಚೆನ್ನಾಗಿ ಕಾಯಿಸಿ, ಪೂರ್ತಿ ತಣಿದ ಮೇಲೆ ನಟ್ಟುಗಳನ್ನು ಅದೇ ಕ್ರಮದಲ್ಲಿ, ಅದೇ ಅಂಕಿಗೆ ಇನ್ನೊಮ್ಮೆ ನೋಡಬೇಕು. ಮೊದಲ ಶಾಖಕ್ಕೆ ಪ್ಯಾಕಿಂಗ್ ಕುಗ್ಗಿ ಕೂಡಿಕೊಳ್ಳುವುದರಿಂದ ಸ್ವಲ್ಪ ಸಡಿಲ ಸಿಗುತ್ತದೆ. ಆಮೇಲೆ ಪ್ರತಿ ಜೋಡಣೆಯ ಅಂಚಿಗೆ ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿ ಬಿಡುವುದು ನನ್ನ ರೂಢಿ. ಹತ್ತು ಹದಿನೈದು ದಿನ ಲೋಡ್ ಹೊತ್ತು ಬಂದ ಗಾಡಿಯ ಬಾನೆಟ್ ಎತ್ತಿ ಟಾರ್ಚು ಬಿಟ್ಟರೆ, ಬಿಳಿಯ ಮೇಲೆ ಮಸಿಯ ಗೆರೆ ಇದೆಯೋ ಇಲ್ಲವೋ ಒಂದೇ ನೋಟಕ್ಕೆ ತಿಳಿಯುತ್ತದೆ. ಗೆರೆ ಬಿದ್ದಿದ್ದರೆ ಅದು ಯಾವ ಸ್ಟಡ್ಡಿನ ಮಗ್ಗುಲಿನಿಂದ ಹೊರಟಿದೆಯೋ ಆ ಸ್ಟಡ್ಡಿನಿಂದಲೇ ಮತ್ತೆ ಶುರುಮಾಡಬೇಕು.